ಚೀಟಿ ಎಸೆಯಿರಿ, ಬೇರು ನೋಡಿ

ಹೊಸ ಫ್ಲ್ಯಾಟಿನ ಗೃಹಪ್ರವೇಶಕ್ಕೆ ಬರುವ ಉಡುಗೊರೆಗಳಲ್ಲಿ ಈಗ ಒಂದು ಆರ್ಕಿಡ್ ಇದ್ದೇ ಇರುತ್ತದೆ. ಗೇಣುದ್ದದ ಗಿಡ, ನಾಲ್ಕೈದು ದಪ್ಪ ಎಲೆ, ಬಿಲ್ಲಿನಂತೆ ಬಾಗಿದ ಒಂದು ಕಡ್ಡಿ, ಕಡ್ಡಿಯ ತುಂಬ ಗುಲಾಬಿ ಬಣ್ಣದ ಪುಟ್ಟ ಹೂಗಳು. ಬಿಳಿ ಪಿಂಗಾಣಿ ಕುಂಡ. ಕುಂಡದ ಅಂಚಿಗೆ ಸಿಕ್ಕಿಸಿದ ಒಂದು ಚೀಟಿ. ಎರಡು ತಿಂಗಳಾದರೂ ಹೂ ಬಾಡುವುದಿಲ್ಲ. ಬಂದವರೆಲ್ಲ ಮುಟ್ಟಿ ನೋಡಿ 'ಇದು ನಿಜವಾದದ್ದಾ, ಪ್ಲಾಸ್ಟಿಕ್ಕಾ?' ಎಂದು ಕೇಳುತ್ತಾರೆ. ಮೂರನೇ ತಿಂಗಳು ಹೂ ಉದುರುತ್ತದೆ. ನಾಲ್ಕನೆಯದರಲ್ಲಿ ಎಲೆಗಳು ಒಂದೊಂದಾಗಿ ಹಳದಿಯಾಗಿ ಜೋತುಬೀಳುತ್ತವೆ. ಮನೆಯವರು ಗಾಬರಿಯಾಗಿ ಇನ್ನೊಂದು ಲೋಟ ನೀರು ಹೆಚ್ಚಿಗೆ ಹಾಕುತ್ತಾರೆ. ಐದನೇ ತಿಂಗಳು ಗಿಡ ಕಸದ ಬುಟ್ಟಿಗೆ, ಪಿಂಗಾಣಿ ಕುಂಡ ಪೆನ್ನು ಕತ್ತರಿ ಇಡುವುದಕ್ಕೆ. ಕೊನೆಗೆ ತೀರ್ಪು: 'ಆರ್ಕಿಡ್ ಅಂದರೆ ಬಹಳ ನಾಜೂಕು ಕಣ್ರೀ, ನಮ್ಮ ಕೈಗೆ ಹತ್ತೋದಲ್ಲ.'

ಈ ತೀರ್ಪು ಸುಳ್ಳು. ಗಿಡ ನಾಜೂಕಿನದಲ್ಲ, ಮನೆಯವರು ಸೋಮಾರಿಗಳೂ ಅಲ್ಲ. ಹೆಚ್ಚಿನ ಮನೆಗಳಲ್ಲಿ ಅದು ಸಾಯುವುದು ಚೀಟಿಯಲ್ಲಿ ಬರೆದದ್ದನ್ನು ಶ್ರದ್ಧೆಯಿಂದ ಪಾಲಿಸಿದ್ದರಿಂದ. ಆ ಚೀಟಿ ಬೇರೆ ಯಾರದೋ ಮನೆಗೆ ಬರೆದದ್ದು.

ಗಿಡದ ಹೆಸರು ಫಲೆನಾಪ್ಸಿಸ್. ಪತಂಗದಂತೆ ಕಾಣುವುದು ಎಂಬ ಅರ್ಥದ ಗ್ರೀಕ್ ಮೂಲದ ಈ ಹೆಸರನ್ನು 1825ರಲ್ಲಿ ಇಟ್ಟವನು ಸಸ್ಯಶಾಸ್ತ್ರಜ್ಞ ಕಾರ್ಲ್ ಲುಡ್‌ವಿಗ್ ಬ್ಲೂಮ್. ಅಂಗಡಿಗಳಲ್ಲಿ 'ಮಿನಿ ಆರ್ಕಿಡ್' ಎಂದು ಮಾರುವ ಗಿಡಗಳು ಬಹುಮಟ್ಟಿಗೆ ಇದರ ಮಿಶ್ರತಳಿಗಳು. ಈ ಕುಲದ ತವರು ಭಾರತದಿಂದ ಶುರುವಾಗಿ, ಆಗ್ನೇಯ ಏಷ್ಯಾ ದಾಟಿ, ಆಸ್ಟ್ರೇಲಿಯಾದ ಉತ್ತರ ಭಾಗದವರೆಗೂ ಹರಡಿದೆ. ಅದರಲ್ಲೊಂದು ಕರ್ನಾಟಕದ್ದೇ: ಹಾಸನ ಜಿಲ್ಲೆಯ ಸಸ್ಯಗಳನ್ನು ದಾಖಲಿಸಿದ ಸಿಸಿಲ್ ಸಲ್ಡಾನಾ 1974ರಲ್ಲಿ ವಿವರಿಸಿದ ಫಲೆನಾಪ್ಸಿಸ್ ಮೈಸೋರೆನ್ಸಿಸ್. ಮೈಸೂರಿನ ಹೆಸರು ಹೊತ್ತ ಈ ಪುಟ್ಟ ಗಿಡ ಪಶ್ಚಿಮ ಘಟ್ಟದ ಮರಗಳ ಮೇಲೆ ಬೆಳೆಯುತ್ತದೆ. ಟೀಪಾಯಿಯ ಮೇಲೆ 'ವಿದೇಶಿ' ಎಂದು ಕೂತಿರುವ ಗಿಡದ ದಾಯಾದಿ ಅಲ್ಲಿ ಮಳೆಗಾಲದಲ್ಲಿ ತೋಯ್ದು, ಬೇಸಗೆಯಲ್ಲಿ ಒಣಗಿ, ಯಾವ ಚೀಟಿಯೂ ಇಲ್ಲದೆ ಹೂ ಬಿಡುತ್ತಿದೆ.

ಬೇರೆಯವರ ಮನೆಯ ಚೀಟಿ

19ನೇ ಶತಮಾನದ ಇಂಗ್ಲೆಂಡಿನಲ್ಲಿ ಆರ್ಕಿಡ್ ಹುಚ್ಚು ಹತ್ತಿದಾಗ ಏಷ್ಯಾದಿಂದ, ದಕ್ಷಿಣ ಅಮೆರಿಕದಿಂದ ಹಡಗುಗಟ್ಟಲೆ ಗಿಡಗಳು ಅಲ್ಲಿಗೆ ಹೋದವು. ಉಷ್ಣವಲಯ ಎಂದರೆ ಸದಾ ಬಿಸಿ, ಸದಾ ಹಬೆ ಎಂದು ನಂಬಿದ್ದ ತೋಟಗಾರರು ಎಲ್ಲವನ್ನೂ ಕಾಯಿಸಿದ ಗಾಜಿನ ಮನೆಗಳಲ್ಲಿ ಮುಚ್ಚಿಟ್ಟರು. ತಂಪು ಬೆಟ್ಟಗಳಿಂದ ತಂದ ಗಿಡಗಳು ಅಲ್ಲಿ ಬೆಂದು ಸತ್ತವು. ಈ ಗಿಡ ಎಲ್ಲಿಂದ ಬಂತು, ಅಲ್ಲಿಯ ಗಾಳಿ ಹೇಗಿತ್ತು ಎಂದು ಕೇಳುವುದಕ್ಕೆ ಅವರಿಗೆ ದಶಕಗಳೇ ಹಿಡಿದವು. ಕೇಳಿದ ಮೇಲೆ ಚೆನ್ನಾಗಿ ಕಲಿತರು. ಚಳಿ ನಾಡಿನ ಮನೆಯೊಳಗೆ ಬಿಸಿ ನಾಡಿನ ಹವೆಯನ್ನು ಕಟ್ಟುವ ವಿದ್ಯೆ ಅವರದು, ಅದರಲ್ಲಿ ತಪ್ಪಿಲ್ಲ. ತಪ್ಪಿರುವುದು ಆ ವಿದ್ಯೆ ಚೀಟಿಯಾಗಿ ಬಿಸಿ ನಾಡಿಗೇ ವಾಪಸು ಬಂದು, ಇಲ್ಲಿ ವೇದವಾಕ್ಯವಾದದ್ದರಲ್ಲಿ. ಕಂಬಳಿ ಹೊದ್ದು ಮಲಗಿ ಎಂಬ ಸಲಹೆಯನ್ನು ಚೆನ್ನೈನ ಮೇ ತಿಂಗಳಲ್ಲಿ ಪಾಲಿಸಿದ ಹಾಗೆ.

ಚೀಟಿಯ ಸಾಲುಗಳನ್ನು ಒಂದೊಂದಾಗಿ ನೋಡಬಹುದು. 'ವಾರಕ್ಕೊಮ್ಮೆ ನೀರು.' ಯಾವ ವಾರ? ಹೀಟರು ಹಾಕಿ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಹವೆ ಕಾಯುವ ಮನೆಯಲ್ಲಿ ವಾರ ಎಂಬುದು ಒಂದು ಅಳತೆ. ಮುಂಬೈಯಲ್ಲಿ ಹಾಗಲ್ಲ. ಜುಲೈಯಲ್ಲಿ ಒಗೆದ ಬಟ್ಟೆ ಎರಡು ದಿನವಾದರೂ ಆರದ ಮನೆಯಲ್ಲಿ ಕುಂಡವೂ ಆರುವುದಿಲ್ಲ. ಹೈದರಾಬಾದಿನ ಏಪ್ರಿಲಿನಲ್ಲಿ ಬೆಳಿಗ್ಗೆ ಹಾಕಿದ ನೀರು ಮರುದಿನಕ್ಕೆ ಮಾಯ. ಒಂದೇ 'ವಾರ' ಮೊದಲನೆಯದನ್ನು ಕೊಳೆಸುತ್ತದೆ, ಎರಡನೆಯದನ್ನು ಒಣಗಿಸುತ್ತದೆ.

'ಮೂರು ಐಸ್ ತುಂಡು ಇಡಿ.' ಇದು ಅಮೆರಿಕದಿಂದ ಬಂದ ಸಲಹೆ. ಇದನ್ನು ಗೇಲಿ ಮಾಡುವವರು ಒಂದು ಸಂಗತಿ ಒಪ್ಪಿಕೊಳ್ಳಬೇಕು: ಅಲ್ಲಿಯ ಎರಡು ವಿಶ್ವವಿದ್ಯಾಲಯಗಳು ಈ ಪ್ರಯೋಗ ಮಾಡಿ 2017ರಲ್ಲಿ ಫಲಿತಾಂಶ ಪ್ರಕಟಿಸಿದವು, ತೊಗಟೆ ಚೂರಿನಲ್ಲಿ ನೆಟ್ಟ ಫಲೆನಾಪ್ಸಿಸ್‌ಗೆ ವಾರಕ್ಕೆ ಮೂರು ಐಸ್ ತುಂಡು ಇಟ್ಟರೆ ಹೂವಿನ ಆಯುಸ್ಸು ಕಡಿಮೆಯಾಗಲಿಲ್ಲ. ಅಂದರೆ ಐಸ್ ವಿಷವಲ್ಲ. ಅದೊಂದು ಅಳತೆ ಲೋಟ. ಹೆಚ್ಚು ನೀರು ಸುರಿಯುವ ಕೈಗೆ ಕಡಿವಾಣ ಹಾಕುವ ಉಪಾಯ. ಆದರೆ ಆ ಅಳತೆ ಅಲ್ಲಿಯ ಕೋಣೆಯದು, ಅಲ್ಲಿಯ ತೊಗಟೆಯದು. ಫ್ಯಾನು ಹಗಲೂ ರಾತ್ರಿ ತಿರುಗುವ ಪುಣೆಯ ಬೇಸಗೆಗೆ ಅಷ್ಟು ನೀರು ಏನೇನೂ ಸಾಲದು. ಉಪಾಯವನ್ನು ಆಮದು ಮಾಡಿಕೊಂಡವರು ಅದರ ಕಾರಣವನ್ನು ಅಲ್ಲೇ ಬಿಟ್ಟು ಬಂದರು.

'ದಕ್ಷಿಣದ ಕಿಟಕಿಯಲ್ಲಿಡಿ.' ಲಂಡನ್ನಿನಲ್ಲಿ ಸೂರ್ಯ ಮಧ್ಯಾಹ್ನ ಯಾವಾಗಲೂ ದಕ್ಷಿಣದಲ್ಲಿರುತ್ತಾನೆ, ಅದಕ್ಕೆ ಆ ಸಾಲು. ಮುಂಬೈ, ಪುಣೆ, ಹೈದರಾಬಾದ್, ಚೆನ್ನೈ ನಾಲ್ಕೂ ಕರ್ಕಾಟಕ ವೃತ್ತದ ಕೆಳಗಿರುವ ಊರುಗಳು. ಇಲ್ಲಿ ಮೇ ಕೊನೆಗೆ, ಜೂನಿನಲ್ಲಿ ನಡುಹಗಲ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಸರಿದಿರುತ್ತಾನೆ. ದಕ್ಷಿಣದ ಕಿಟಕಿಗೆ ನೇರ ಬಿಸಿಲು ಬೀಳುವುದು ಡಿಸೆಂಬರಿನ ಆಸುಪಾಸಿನಲ್ಲಿ. ಈ ಪಟ್ಟಿಯಲ್ಲಿ ದೆಹಲಿಗೊಂದೇ ಸೂರ್ಯ ನೆತ್ತಿಯ ಉತ್ತರಕ್ಕೆ ಹೋಗದವನು. ಒಂದೇ ದೇಶದೊಳಗೆ ಹೀಗಿರುವಾಗ 'ದಕ್ಷಿಣದ ಕಿಟಕಿ' ಎಂಬ ಮಾತಿಗೆ ಅರ್ಥವೇನು?

'ಮಣ್ಣು' ಎಂಬ ತಪ್ಪು ಅನುವಾದ

ಇಂಗ್ಲಿಷಿನ ಚೀಟಿ ಹೋಗಲಿ, ಕನ್ನಡದಲ್ಲಿ ಬಂದದ್ದು ವಾಸಿಯೇ? ಅಲ್ಲಿ ಇನ್ನೂ ಕೆಟ್ಟದ್ದಾಗಿದೆ. ಗಿಡ ನೆಡುವ ಮಿಶ್ರಣ ಎಂಬುದಕ್ಕಿರುವ ಇಂಗ್ಲಿಷ್ ಪದವನ್ನು ಅನುವಾದ ಯಂತ್ರಗಳೂ ಅವಸರದ ಅನುವಾದಕರೂ ಸಲೀಸಾಗಿ 'ಮಣ್ಣಿನ ಮಿಶ್ರಣ' ಮಾಡಿಬಿಡುತ್ತಾರೆ. ಮೂಲದಲ್ಲಿ ಮಣ್ಣೇ ಇಲ್ಲ. ತೊಗಟೆ ಚೂರು, ಇದ್ದಿಲು, ಒಣಪಾಚಿ ಇದೆ. ಈ ಒಂದು ಪದ ನಂಬಿ ಗಿಡವನ್ನು ಕೆಂಪು ಮಣ್ಣಿಗೆ, ಗೊಬ್ಬರದ ಮಣ್ಣಿಗೆ ಊರಿದವರು ಅದಕ್ಕೆ ಸಮಾಧಿ ಕಟ್ಟಿದ ಹಾಗೆ. ಮರದ ಕೊಂಬೆಗೆ ಅಂಟಿ, ಗಾಳಿಗೆ ಒಡ್ಡಿಕೊಂಡು ಬದುಕುವ ಬೇರು ಮಣ್ಣಿನಡಿ ಉಸಿರುಗಟ್ಟಿ ಕೊಳೆಯುತ್ತದೆ. ಕಾದಂಬರಿಯ ಅನುವಾದದಲ್ಲಿ ಒಂದು ಪದ ತಪ್ಪಿದರೆ ವಿಮರ್ಶಕರು ಬೈಯುತ್ತಾರೆ. ಗಿಡಕ್ಕೆ ಬೈಯಲು ಬರುವುದಿಲ್ಲ.

ಇನ್ನೊಂದು ಪದ 'ಪರಾವಲಂಬಿ'. ಮರದ ಮೇಲೆ ಕಂಡದ್ದೆಲ್ಲ ಮರದ ರಸ ಹೀರುತ್ತದೆ ಎಂಬ ನಂಬಿಕೆ ಹಳೆಯದು. ಮಾವಿನ ಕೊಂಬೆಗೆ ಬೇರಿಳಿಸಿ ರಸ ಹೀರುವ ಬಂದಳಿಕೆ, ಬದನಿಕೆಗಳ ಸಾಲಿಗೇ ಆರ್ಕಿಡ್ಡನ್ನೂ ಸೇರಿಸಿಬಿಡುತ್ತಾರೆ. ಸಂಸ್ಕೃತದ 'ವಂದಾ' ಎಂಬ ಪದಕ್ಕೆ ಮರದ ಮೇಲಿನ ಪರಾವಲಂಬಿ ಎಂಬ ಅರ್ಥವೂ ಉಂಟು. ಅದೇ ಪದ ಇಂದು ಒಂದು ಇಡೀ ಆರ್ಕಿಡ್ ಕುಲದ ವೈಜ್ಞಾನಿಕ ಹೆಸರು. ಆದರೆ ಆರ್ಕಿಡ್ ಮರದಿಂದ ಪಡೆಯುವುದು ಕೂರುವ ಜಾಗ ಮಾತ್ರ. ಊಟಕ್ಕೆ ಮಳೆನೀರು, ಧೂಳು, ಕೊಳೆತ ಎಲೆ, ಹಕ್ಕಿಯ ಹಿಕ್ಕೆ. ಮಲಯಾಳದಲ್ಲಿ ಇಂಥ ಗಿಡಕ್ಕೆ 'ಮರವಾಳ' ಎನ್ನುತ್ತಾರೆ, ಮರದ ಬಾಳೆ ಎಂದರ್ಥ. ಮಲೆನಾಡಿನವರು 'ಸೀತಾಳೆ' ಎಂದರು. ನರಿಬಾಲದಂತೆ ಇಳಿಬೀಳುವ ಹೂಗೊಂಚಲಿಗೆ 'ಸೀತಾಳೆ ದಂಡೆ' ಎಂದರು. ದಂಡೆ ಎಂದರೆ ಮುಡಿಗೆ ಮುಡಿಯುವ ಹೂವಿನ ಸರ. ಘಟ್ಟದ ಮರಾಠಿಗರ ಬಾಯಲ್ಲೂ ಅದು 'ಸೀತೇಚಿ ವೇಣಿ'. ಯಾವ ಹೆಸರಿನಲ್ಲೂ ಮಣ್ಣಿಲ್ಲ. ಮರವಿದೆ, ಮುಡಿಯಿದೆ; ಎರಡೂ ಗಾಳಿಯಾಡುವ ಜಾಗ. ಹೆಸರಿಟ್ಟವರಿಗೆ ಗಿಡ ಹೇಗೆ ಬದುಕುತ್ತದೆಂದು ಗೊತ್ತಿತ್ತು.

ಕನ್ನಡದಲ್ಲಿ ಇದನ್ನೆಲ್ಲ ಹೇಳಲು ಬರುವುದಿಲ್ಲ ಎಂಬ ನೆಪವೂ ನಡೆಯುವುದಿಲ್ಲ. ಗಿಡಮರಗಳ ಬಗ್ಗೆ ಕನ್ನಡದಲ್ಲಿ ಹೇಗೆ ಬರೆಯಬಹುದು ಎಂದು 'ಹಸುರು ಹೊನ್ನು' ಬರೆದು ತೋರಿಸಿದ ಬಿ.ಜಿ.ಎಲ್. ಸ್ವಾಮಿ ಆರ್ಕಿಡ್‌ಗಳ ಭ್ರೂಣಶಾಸ್ತ್ರದಲ್ಲಿ ದುಡಿದ ವಿಜ್ಞಾನಿ. ಆ ಬಗೆಗಿನ ಅವರ ಪ್ರಬಂಧಗಳು 1949ರಲ್ಲಿ ಅಮೆರಿಕದ ಪತ್ರಿಕೆಯಲ್ಲಿ ಪ್ರಕಟವಾದವು. ಮುಂದೆ ಅವರು ವರ್ಷಗಟ್ಟಲೆ ಪಾಠ ಹೇಳಿದ್ದು ಚೆನ್ನೈನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ. ಕರ್ನಾಟಕದ ಹೊರಗೆ ಕೂತು, ಗಿಡವನ್ನು ಕಣ್ಣಾರೆ ನೋಡಿ, ಕನ್ನಡದಲ್ಲಿ ಬರೆದವರು ಅವರು. 'ಮಣ್ಣಿನ ಮಿಶ್ರಣ' ಬರೆದವರು ಪದಕೋಶ ನೋಡಿದ್ದಾರೆ, ಗಿಡ ನೋಡಿಲ್ಲ.

ಬೇರು ಏನು ಹೇಳುತ್ತದೆ

ಚೀಟಿ ಬೇಡವೆಂದ ಮೇಲೆ ಓದುವುದೇನನ್ನು? ಬೇರನ್ನು. ಆರ್ಕಿಡ್ಡಿನ ಬೇರಿನ ಸುತ್ತ ಸತ್ತ ಜೀವಕೋಶಗಳ ಒಂದು ಹೊದಿಕೆಯಿರುತ್ತದೆ, ವೆಲಮೆನ್ ಎನ್ನುತ್ತಾರೆ. ಸ್ಪಂಜಿನಂತೆ ಅದು ಮಳೆ ಬಂದ ಕ್ಷಣ ನೀರು ಹೀರಿಕೊಂಡು ಒಳಗಿನ ಜೀವಂತ ಬೇರಿಗೆ ಕೊಡುತ್ತದೆ. ಒಣಗಿದ್ದಾಗ ಅದರೊಳಗೆ ಗಾಳಿ ತುಂಬಿ ಬೇರು ಬೆಳ್ಳಿ ಬೂದಿಯ ಬಣ್ಣಕ್ಕಿರುತ್ತದೆ. ನೀರು ಬಿದ್ದೊಡನೆ ಹೊದಿಕೆ ಪಾರದರ್ಶಕವಾಗಿ ಒಳಗಿನ ಹಸಿರು ಕಾಣುತ್ತದೆ. ಹಸಿರಿದ್ದರೆ ನೀರು ಬೇಡ, ಬೂದಿಯಾದರೆ ಬೇಕು. ಕಂದಾಗಿ, ಒತ್ತಿದರೆ ಮೆತ್ತಗಾಗಿ, ಸಿಪ್ಪೆ ಜಾರಿ ಒಳಗಿನ ನೂಲು ಮಾತ್ರ ಉಳಿದರೆ ಅದು ಕೊಳೆತಿದೆ. ಓದು ಬರಹ ಬಾರದವರಿಗೂ ಇದು ತಿಳಿಯುತ್ತದೆ. ಮುಂಬೈಯಲ್ಲೂ ದೆಹಲಿಯಲ್ಲೂ ಬದಲಾಗದ ಸೂಚನೆ ಇದೊಂದೇ.

ಗಿಡ ನಾಜೂಕು ಎಂಬವರು ಇನ್ನೊಂದು ವಿಷಯ ತಿಳಿಯಬೇಕು. ಹೆಚ್ಚಿನ ಗಿಡಗಳು ಹಗಲು ಎಲೆಯ ರಂಧ್ರ ತೆರೆದು ಉಸಿರಾಡಿದರೆ, ಫಲೆನಾಪ್ಸಿಸ್ ಮುಖ್ಯವಾಗಿ ರಾತ್ರಿ ತೆರೆದು ಹಗಲು ಮುಚ್ಚಿಕೊಳ್ಳುತ್ತದೆ. ಬಿಸಿಲಿಗೆ ನೀರು ಆರಿಹೋಗದಿರಲಿ ಎಂದು. ದಪ್ಪ ಎಲೆಗಳೇ ಅದರ ನೀರಿನ ಟ್ಯಾಂಕು. ಕೊಂಬೆಯ ಮೇಲೆ ವಾರಗಟ್ಟಲೆ ಮಳೆಯಿಲ್ಲದೆ ಬದುಕುವುದಕ್ಕೆ ತಯಾರಾದ ಜೀವ ಅದು. ಇಂಥದ್ದನ್ನು ತೂತಿಲ್ಲದ ಪಿಂಗಾಣಿ ಕುಂಡದಲ್ಲಿ ನಿಂತ ನೀರಿನಲ್ಲಿಟ್ಟು ನಾಜೂಕು ಎನ್ನುವುದು ನ್ಯಾಯವಲ್ಲ.

ಆ ಪಿಂಗಾಣಿ ಕುಂಡವನ್ನೇ ಮೊದಲು ವಿಚಾರಣೆಗೆ ಕರೆಯಬೇಕು. ಅದರೊಳಗೆ ಸಾಮಾನ್ಯವಾಗಿ ಇನ್ನೊಂದು ಪಾರದರ್ಶಕ ಪ್ಲಾಸ್ಟಿಕ್ ಕುಂಡವಿರುತ್ತದೆ. ಬೆಳೆಗಾರರು ಅದನ್ನು ಪಾರದರ್ಶಕವಾಗಿ ಮಾಡಿರುವುದು ಬೇರಿಗೆ ಬೆಳಕು ಸಿಗಲಿ, ನೋಡುವವರಿಗೆ ಬೇರು ಕಾಣಲಿ ಎಂದು. ಅಂಗಡಿಯವರು ಚೆಂದಕ್ಕೆಂದು ಅದನ್ನು ಪಿಂಗಾಣಿಯೊಳಗೆ ಅಡಗಿಸುತ್ತಾರೆ. ಓದಬೇಕಾದ ಪುಟವನ್ನು ಮುಚ್ಚಿ, ಓದಬಾರದ ಚೀಟಿಯನ್ನು ಎದುರಿಗೆ ಸಿಕ್ಕಿಸುತ್ತಾರೆ.

ಹಾಗಾದರೆ ಮಾಡಬೇಕಾದ್ದು ಇಷ್ಟು. ಒಳಗಿನ ಕುಂಡವನ್ನು ಹೊರತೆಗೆದು ಬೆಳಿಗ್ಗೆ ಸಿಂಕಿನಲ್ಲಿಟ್ಟು, ನೀರು ತಳದಿಂದ ಹರಿದುಹೋಗುವಂತೆ ಒಂದು ನಿಮಿಷ ಹಾಕುವುದು. ಪೂರ್ತಿ ಬಸಿದ ಮೇಲೆ ಜಾಗಕ್ಕೆ ಇಡುವುದು. ಎಲೆಗಳ ನಡುವಿನ ಸುಳಿಯಲ್ಲಿ ನೀರು ನಿಂತರೆ ಬಟ್ಟೆಯ ತುದಿಯಿಂದ ಒರೆಸುವುದು. ಕಾಡಿನಲ್ಲಿ ಗಿಡ ಓರೆಯಾಗಿ ಜೋತಿರುವುದರಿಂದ ಸುಳಿಯ ನೀರು ತಾನೇ ಜಾರುತ್ತದೆ, ಕುಂಡದಲ್ಲಿ ನೆಟ್ಟಗೆ ನಿಲ್ಲಿಸಿದ್ದು ಮನುಷ್ಯರು. ಹೂ ಮುಗಿದ ಮೇಲೆ ಬೇರಿನ ನಡುವೆ ಮುದ್ದೆಯಾಗಿ ತುಂಬಿರುವ ಪಾಚಿಯನ್ನು ಬಿಡಿಸಿ, ಕೊಳೆತ ಬೇರು ಕತ್ತರಿಸಿ, ಇದ್ದಿಲು, ತೊಗಟೆ, ತೆಂಗಿನ ಸಿಪ್ಪೆಯ ತುಂಡುಗಳಲ್ಲಿ ನೆಡುವುದು. ತೆಂಗಿನ ಸಿಪ್ಪೆಯಲ್ಲಿ ಉಪ್ಪಿರಬಹುದು, ಎರಡು ಮೂರು ದಿನ ನೆನೆಹಾಕಿ ನೀರು ಬದಲಿಸಿ ತೊಳೆಯಬೇಕು. ಗೊಬ್ಬರ ಪೊಟ್ಟಣದಲ್ಲಿ ಬರೆದ ಅಳತೆಯ ಕಾಲುಭಾಗ, ಹೊಸ ಎಲೆ ಬೇರು ಬರುತ್ತಿರುವಾಗ ಮಾತ್ರ.

ಬೆಳಕನ್ನು ಹೇಳುವುದು ಎಲೆ. ಕಡು ಹಸಿರಾಗಿ ಉದ್ದಕ್ಕೆ ಬಾಗಿದರೆ ಬೆಳಕು ಸಾಲದು. ಅದು ಹೂ ಬಿಡದೆ ವರ್ಷಗಟ್ಟಲೆ ಕೂತಿರುತ್ತದೆ. ಹಳದಿಗೆ ತಿರುಗಿ ಅಂಚು ಕೆಂಪೇರಿದರೆ ಬಿಸಿಲು ಹೆಚ್ಚು. ತಿಳಿ ಹಸಿರು ಸರಿ. ಪೂರ್ವದ ಕಿಟಕಿಯ ಎಳೆ ಬಿಸಿಲು ಹೆಚ್ಚಿನ ಊರುಗಳಲ್ಲಿ ಒಗ್ಗುತ್ತದೆ, ಪಶ್ಚಿಮದ್ದಾದರೆ ತೆಳು ಪರದೆ ಬೇಕು.

ಊರೂರಿಗೆ ಬೇರೆ

ಮುಂಬೈಯಲ್ಲಿ ಮಳೆಗಾಲದ ಶತ್ರು ನೀರಲ್ಲ, ನಿಂತ ಗಾಳಿ. ಜೂನಿನಿಂದ ಸೆಪ್ಟೆಂಬರಿನವರೆಗೆ ಗಿಡಕ್ಕೆ ನೀರಿಗಿಂತ ಫ್ಯಾನಿನ ಗಾಳಿ ಮುಖ್ಯ. ಹತ್ತು ದಿನ ನೀರು ಹಾಕದೆಯೂ ಬೇರು ಹಸಿರಾಗಿಯೇ ಇರಬಹುದು. ಪುಣೆಯ ಚಳಿಗಾಲದ ರಾತ್ರಿ ಬಾಲ್ಕನಿಯಲ್ಲಿ ಕೊರೆಯುತ್ತದೆ, ಗಿಡ ಒಳಗಿರಲಿ. ಹೈದರಾಬಾದಿನ ಬೇಸಗೆಯಲ್ಲಿ ತೇವವೇ ಇಲ್ಲ. ಇದ್ದಿಲಿನ ಜೊತೆ ಸ್ವಲ್ಪ ಪಾಚಿ ಸೇರಿಸಿದರೆ ಕುಂಡ ಬೇಗ ಒಣಗದು. ದೆಹಲಿಯಲ್ಲಿ ಎರಡೂ ಕಷ್ಟ: ಜೂನಿನ ಲೂ ಗಾಳಿ ಎಲೆಯನ್ನು ಹಪ್ಪಳ ಮಾಡುತ್ತದೆ, ಜನವರಿಯ ರಾತ್ರಿ ಸುಳಿಯನ್ನು ಕೊಲ್ಲುತ್ತದೆ. ಅಲ್ಲಿ ಇದು ಮನೆಯೊಳಗಿನ ಗಿಡವೇ.

ಚೆನ್ನೈನವರ ದೂರು ಬೇರೆ: ಗಿಡ ದಷ್ಟಪುಷ್ಟವಾಗಿದೆ, ಹೂ ಮಾತ್ರ ಬರುವುದಿಲ್ಲ. ಕಾರಣ ರಾತ್ರಿ. ಫಲೆನಾಪ್ಸಿಸ್ ಹೂಕಡ್ಡಿ ಬಿಡಲು ಕೆಲವು ವಾರ ಹವೆ ತಂಪಾಗಬೇಕು. ಸದಾ 28 ಡಿಗ್ರಿಯ ಮೇಲಿದ್ದರೆ ಅದು ಎಲೆ ಬಿಡುತ್ತಲೇ ಇರುತ್ತದೆ. ಡಿಸೆಂಬರ್ ಜನವರಿಯಲ್ಲಿ ಕಿಟಕಿ ತೆರೆದು ರಾತ್ರಿಯ ತಂಪನ್ನು ಒಳಬಿಡುವುದೇ ಅಲ್ಲಿಯ ಗೊಬ್ಬರ. ಅಷ್ಟಕ್ಕೂ ಆಗದಿದ್ದರೆ ಚೆನ್ನೈಗೆ, ಮುಂಬೈಗೆ ಸೆಕೆಯನ್ನೇ ಇಷ್ಟಪಡುವ ಕುಳ್ಳ ಡೆಂಡ್ರೋಬಿಯಮ್ ತಳಿಗಳಿವೆ. ಊರಿಗೆ ಒಗ್ಗುವ ಗಿಡ ಆರಿಸುವುದು ಸೋಲಲ್ಲ.

ಎಲ್ಲ ಊರಿಗೂ ಸೇರಿದ್ದು ನೀರಿನ ಗಡಸು. ಬೋರ್‌ವೆಲ್, ಟ್ಯಾಂಕರ್ ನೀರು ಬೇರಿನ ಮೇಲೆ ಬಿಳಿ ಉಪ್ಪು ಕಟ್ಟುತ್ತದೆ. ನೀರು ಹಾಳುಮಾಡಬಾರದೆಂಬ ಒಳ್ಳೆಯ ಬುದ್ಧಿಯಿಂದ ಹಲವರು ಆರ್‌ಒ ಯಂತ್ರ ಹೊರಗೆ ಬಿಡುವ ನೀರನ್ನು ಗಿಡಕ್ಕೆ ಹಾಕುತ್ತಾರೆ. ಯಂತ್ರ ತೆಗೆದ ಉಪ್ಪೆಲ್ಲ ಇರುವುದು ಆ ನೀರಿನಲ್ಲೇ. ಅದರಿಂದ ನೆಲ ಒರೆಸಲಿ; ಆರ್ಕಿಡ್ಡಿಗೆ ಹಿಡಿದಿಟ್ಟ ಮಳೆನೀರು ಎಲ್ಲಕ್ಕಿಂತ ಒಳ್ಳೆಯದು.

ಸೀತಾಳೆಯನ್ನು ಮರದಲ್ಲೇ ಬಿಡಿ

ಇಲ್ಲಿಯವರೆಗೆ ಒಪ್ಪಿದವರಲ್ಲಿ ಕೆಲವರು ಮುಂದಿನ ಹೆಜ್ಜೆಯನ್ನು ತಾವೇ ಇಟ್ಟುಬಿಡುತ್ತಾರೆ: 'ಹಾಗಾದರೆ ಈ ಪ್ರಯೋಗಶಾಲೆಯ ಗಿಡ ಯಾಕೆ? ಊರಿಗೆ ಹೋದಾಗ ತೋಟದ ಪಕ್ಕದ ಮರದಿಂದ ಒಂದು ಸೀತಾಳೆ ಕಿತ್ತು ತಂದರಾಯಿತು. ನಮ್ಮದೇ ಗಿಡ, ನಮ್ಮದೇ ಹೆಸರು.' ಊರಿನಿಂದ ದೂರವಿರುವವರಿಗೆ ಈ ಮಾತು ಮನಸ್ಸಿಗೆ ನಾಟುತ್ತದೆ. ಶಿರಸಿಯಿಂದಲೋ ತೀರ್ಥಹಳ್ಳಿಯಿಂದಲೋ ರಾತ್ರಿ ಬಸ್ಸಿನಲ್ಲಿ ಉಪ್ಪಿನಕಾಯಿ ಭರಣಿ, ಹಲಸಿನ ಹಪ್ಪಳದ ಜೊತೆ ಹಳೆ ಪೇಪರಿನಲ್ಲಿ ಸುತ್ತಿದ ಒಂದು ಗಿಡವೂ ಬರುತ್ತದೆ. ಚೀಟಿಯ ತಪ್ಪಿಗಿಂತ ಇದು ದೊಡ್ಡ ತಪ್ಪು.

ಕೊಂಬೆಗೆ ಅಂಟಿದ ಗಿಡವನ್ನು ಕೀಳುವಾಗ ಬೇರು ಹರಿಯದೆ ಬರುವುದು ಅಪರೂಪ. ವರ್ಷಗಟ್ಟಲೆ ಬೆಳೆದ ಬೇರುಗಳಲ್ಲಿ ಅರ್ಧ ಆ ಮರದ ಮೇಲೇ ಉಳಿಯುತ್ತವೆ. ಉಳಿದರ್ಧದೊಂದಿಗೆ ಅದು ಸೇರುವುದು ಹದಿನಾಲ್ಕನೇ ಮಹಡಿಯ ಒಣ ಗಾಳಿಗೆ. ಮಿಶ್ರತಳಿಯನ್ನು ಮನೆಯೊಳಗೆ ಬದುಕಲೆಂದೇ ತಲೆಮಾರುಗಳ ಕಾಲ ಆರಿಸಿ ಬೆಳೆಸಿದ್ದಾರೆ. ಸೀತಾಳೆಗೆ ಆ ತಯಾರಿಯಿಲ್ಲ. ಅದಕ್ಕೆ ಬೇಕಾದ ಮುಂಗಾರು, ಇಬ್ಬನಿ, ಒಣ ಬೇಸಗೆಯ ಸರದಿ ಯಾವ ಬಾಲ್ಕನಿಯಲ್ಲೂ ಸುಲಭಕ್ಕೆ ಸಿಗದು.

ಗಿಡದ ಬೀಜದ ಕಥೆ ಇನ್ನೂ ಕಟು. ಆರ್ಕಿಡ್ಡಿನ ಬೀಜ ಧೂಳಿನಷ್ಟು ಸಣ್ಣದು, ಒಳಗೆ ಆಹಾರವಿಲ್ಲ. ಸರಿಯಾದ ಶಿಲೀಂಧ್ರವೊಂದು ಸಿಕ್ಕರೆ ಮಾತ್ರ ಕಾಡಿನಲ್ಲಿ ಮೊಳೆಯುತ್ತದೆ. ಒಂದು ಕಾಯಿಯಲ್ಲಿ ಲೆಕ್ಕವಿಲ್ಲದಷ್ಟು ಬೀಜವಿದ್ದರೂ ಮರದ ಮೇಲೆ ಗಿಡವಾಗುವುದು ಎಲ್ಲೋ ಒಂದೆರಡು. ಹಾಗಾಗಿ ಕಿತ್ತ ಒಂದು ಗಿಡ ತುಂಬಿಕೊಳ್ಳಲು ಆ ಕೊಂಬೆಗೆ ಬಹಳ ವರ್ಷ ಬೇಕು. ಭಾರತೀಯ ಸಸ್ಯ ಸರ್ವೇಕ್ಷಣಾಲಯ 2019ರಲ್ಲಿ ದೇಶದ ಆರ್ಕಿಡ್‌ಗಳನ್ನು ಪಟ್ಟಿ ಮಾಡಿದಾಗ ಸಿಕ್ಕ ಪ್ರಭೇದಗಳು 1,256. ಅವುಗಳಲ್ಲಿ 388 ಬೇರೆಲ್ಲೂ ಇಲ್ಲದವು.

ಕಾನೂನೂ ಸ್ಪಷ್ಟ. ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ, 1975ರಿಂದ ಜಾರಿಯಲ್ಲಿರುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿ ಆರ್ಕಿಡ್ ಕುಟುಂಬ ಇಡಿಯಾಗಿ ಸೇರಿದೆ. ನೀಲಿ ವಂದಾದಂಥ ಕೆಲವಕ್ಕೆ ಭಾರತದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯೂ ಇದೆ. ಮೀಸಲು ಅರಣ್ಯದಿಂದ ಅನುಮತಿಯಿಲ್ಲದೆ ಗಿಡ ಕೀಳುವುದು ಕರ್ನಾಟಕ ಅರಣ್ಯ ಕಾಯ್ದೆಯಲ್ಲಿ ಅಪರಾಧ. ಆದರೆ ಈ ವಾದ ಪೊಲೀಸರ ಭಯದ ಮೇಲೆ ನಿಂತದ್ದಲ್ಲ. ಊರಿನ ನೆನಪಿಗೆಂದು ಊರಿನ ಮರವನ್ನು ಬರಿದು ಮಾಡುವವರು, ಮುಂದಿನ ಸಲ ಊರಿಗೆ ಹೋದಾಗ ಏನನ್ನು ನೋಡಿ ಸಂತೋಷಪಡುತ್ತಾರೆ? ಮಳೆಗಾಲದಲ್ಲಿ ಮುರಿದುಬಿದ್ದ ಕೊಂಬೆಯಲ್ಲಿ ಸೀತಾಳೆ ಕಂಡರೆ ಅದನ್ನು ಬಾಳೆಪಟ್ಟೆಯಿಂದ ಪಕ್ಕದ ಮರಕ್ಕೇ ಕಟ್ಟಿ ಬರಲಿ. ಮುಂದಿನ ಮೇ ತಿಂಗಳಿಗೆ ನೋಡಲು ಹೋಗುವುದಕ್ಕೊಂದು ಕಾರಣವಾಗುತ್ತದೆ.

ಪ್ರಯೋಗಶಾಲೆಯ ಗಿಡದ ಬಗ್ಗೆ ಮೂಗು ಮುರಿಯುವವರು ಅದರ ಉಪಕಾರವನ್ನು ಮರೆಯಬಾರದು. 1922ರಲ್ಲಿ ಲೂಯಿಸ್ ನಡ್ಸನ್ ಎಂಬ ವಿಜ್ಞಾನಿ ಶಿಲೀಂಧ್ರದ ಹಂಗಿಲ್ಲದೆ, ಸಕ್ಕರೆ ಬೆರೆಸಿದ ಅಗರಿನ ಮೇಲೆ ಆರ್ಕಿಡ್ ಬೀಜ ಮೊಳೆಸಿ ತೋರಿಸಿದರು. ಬಳಿಕ ಅಂಗಾಂಶ ಕೃಷಿ ಬಂತು. ಇಂದು ತೈವಾನಿನಲ್ಲಿ, ನೆದರ್ಲ್ಯಾಂಡ್ಸ್‌ನಲ್ಲಿ ಸೀಸೆಯೊಳಗೆ ಹುಟ್ಟುವ ಫಲೆನಾಪ್ಸಿಸ್ ಒಂದು ಕೊಂಬೆಯನ್ನೂ ಬರಿದು ಮಾಡುವುದಿಲ್ಲ. ಗೃಹಪ್ರವೇಶದ ಆ ಗುಲಾಬಿ ಗಿಡವನ್ನು ಬದುಕಿಸಿಕೊಂಡವರು ಘಟ್ಟದ ಗಿಡಕ್ಕೆ ಕೈ ಹಾಕುವ ಪ್ರಮೇಯವೇ ಬರುವುದಿಲ್ಲ.

ಕೊನೆಯ ಆಕ್ಷೇಪ ವ್ಯವಹಾರಸ್ಥರದು. 'ಇದನ್ನು ಗಿಡ ಎಂದುಕೊಳ್ಳುವುದೇ ತಪ್ಪು. ಎರಡು ತಿಂಗಳು ನಿಲ್ಲುವ ಹೂಗುಚ್ಛ ಎಂದುಕೊಳ್ಳಿ, ಆಮೇಲೆ ಎಸೆಯಿರಿ.' ಮಾರುವವರಿಗೆ ಇದು ಲಾಭದ ಮಾತು. ಸತ್ತ ಗಿಡದ ಜಾಗಕ್ಕೆ ಇನ್ನೊಂದು ಗಿಡ ಮಾರಬಹುದು. ಬದುಕಿದ ಗಿಡದಿಂದ ಅವರಿಗೆ ಹುಟ್ಟುವುದೇನೂ ಇಲ್ಲ. ಗುಚ್ಛವೇ ಬೇಕಾದವರು ದಾದರಿನ ಹೂವಿನ ಮಾರುಕಟ್ಟೆಗೆ ಹೋಗಿ ಗುಚ್ಛವನ್ನೇ ಕೊಳ್ಳಲಿ, ಅದು ಪ್ರಾಮಾಣಿಕ. ಹತ್ತಾರು ವರ್ಷ ಬದುಕಬಲ್ಲ ಗಿಡವನ್ನು ಬೇರುಸಹಿತ ಮನೆಗೆ ತಂದು, ನಾಲ್ಕು ತಿಂಗಳಲ್ಲಿ ಕೊಂದು, ಅದರ ಮೇಲೇ ನಾಜೂಕಿನ ಆರೋಪ ಹೊರಿಸುವುದು ಪ್ರಾಮಾಣಿಕವಲ್ಲ.

ಹೂ ಉದುರಿದ ಗಿಡ ಸತ್ತ ಗಿಡವಲ್ಲ. ಕೆಳಗಿನ ಒಂದೇ ಎಲೆ ಹಳದಿಯಾದರೆ ಅದು ಮುಪ್ಪು, ರೋಗವಲ್ಲ. ಈ ಭಾನುವಾರ ಬೆಳಿಗ್ಗೆ ಪಿಂಗಾಣಿಯಿಂದ ಒಳಕುಂಡವನ್ನು ಹೊರತೆಗೆದು ಬೆಳಕಿಗೆ ಹಿಡಿದು ನೋಡಿದರೆ ಸಾಕು. ಒಂದಾದರೂ ಗಟ್ಟಿ ಬೇರು ಬೂದಿ ಬಣ್ಣದಲ್ಲೋ ಹಸಿರಾಗಿಯೋ ಕಂಡರೆ ಗಿಡಕ್ಕೆ ಬದುಕುವ ಮನಸ್ಸಿದೆ. ಚಳಿ ಶುರುವಾಗಿ ಕೆಲವು ವಾರಕ್ಕೆ ಎಲೆಯ ಬುಡದಿಂದ ಏನೋ ಇಣುಕುತ್ತದೆ. ತುದಿ ದುಂಡಗೆ, ನುಣ್ಣಗೆ ಹೊಳೆಯುತ್ತಿದ್ದರೆ ಇನ್ನೊಂದು ಬೇರು. ತುದಿ ಚಪ್ಪಟೆಯಾಗಿ, ಪಕ್ಕದಲ್ಲಿ ಹೆಬ್ಬೆರಳಿನಂಥ ಗುರುತಿದ್ದರೆ ಅದು ಹೂವಿನ ಕಡ್ಡಿ; ಅಲ್ಲಿಂದಾಚೆ ಕುಂಡವನ್ನು ಅತ್ತಿತ್ತ ತಿರುಗಿಸಬಾರದು, ಕಡ್ಡಿ ಬೆಳಕು ಹುಡುಕಿಕೊಂಡು ಬಾಗಿ ಬೆಳೆಯುತ್ತದೆ.